ಬೇರು ಮೇಲಾದ ಗಿಡಗಳು

ಜೂನ್ 9, ಸೋಮವಾರ

ಇವತ್ತು ಸ್ಕೂಟಿ ಮೇಲೆ ಒಬ್ಬ ಹುಡುಗಿ ಊರಿಗೆ ಬಂದಿದ್ದಳು. ಹುಮನಾಬಾದಿನ ಕೃಷಿ ವಿಸ್ತರಣಾ ಕೇಂದ್ರದವಳಂತೆ, ವಿಶ್ವವಿದ್ಯಾಲಯದ ಕಡೆಯವಳಂತೆ, ಹೆಸರು ಮಯೂರಿಯಂತೆ. ಎಲ್ಲವೂ ಅವಳು ಹೇಳಿದ್ದೇ. ಹನುಮಾನ ಗುಡಿಯ ಮುಂದೆ ಜನರನ್ನು ಕೂಡಿಸಿ, ಊರ ದನ ಮೇಯುವ ಗಾಯರಾಣದಲ್ಲಿ ತುಂಬಿಕೊಂಡಿರುವ ಘಾಣೇರಿಯನ್ನೆಲ್ಲ ಬೇರುಸಹಿತ ತೆಗೆಯೋಣ ಎಂದಳು. ಘಾಣೇರಿಗೆ ಅವಳ ಬಾಯಲ್ಲಿ ಲಂಟಾನ ಎಂದು ಹೆಸರು. ಅದು ಹೋದರೆ ಹುಲ್ಲು ಬರುತ್ತದೆ, ಮುತ್ತಲ, ಬಾರಿ, ಸೀತಾಫಲದ ಗಿಡಗಳು ಮತ್ತೆ ಮೇಲೇಳುತ್ತವೆ, ಊರ ದನಕರುಗಳಿಗೆ ಮೇವಾಗುತ್ತದೆ ಎಂದಳು.

ಬಿಟ್ಟಿ ಉಪಕಾರ ಮಾಡಲು ಹುಮನಾಬಾದಿನಿಂದ ಪೆಟ್ರೋಲ್ ಸುಟ್ಟುಕೊಂಡು ಯಾರೂ ಬರುವುದಿಲ್ಲ. ಬಸವಕಲ್ಯಾಣ ಡಿಪೋದಲ್ಲಿ ಮೂವತ್ತು ವರ್ಷ ಕಂಡಕ್ಟರನಾಗಿದ್ದ ನನಗೆ ಮನುಷ್ಯರ ಮುಖ ಓದಲು ಬರುತ್ತದೆ. ಟಿಕೆಟ್ ಇಲ್ಲದವನು ಕಿಟಕಿಯ ಹೊರಗೆ ನೋಡುತ್ತಾನೆ. ಅವನಿಗಿಂತ ಜಾಣನಾದವನು ನಮ್ಮನ್ನೇ ನೋಡಿ ನಗುತ್ತಾನೆ. ಈ ಹುಡುಗಿ ಎರಡನೆಯವರ ಪೈಕಿ.

"ಈ ಗಿಡ ನಮ್ಮ ನೆಲದ್ದಲ್ರಿ ಕಾಕಾ, ಹೊರಗಿನಿಂದ ಬಂದದ್ದು," ಎಂದಳು.

"ನೀವೂ ಹೊರಗಿನವರೇ ಅದೀರಲ್ಲ," ಎಂದೆ.

ನಕ್ಕಳು. "ನಾ ಹುಮನಾಬಾದದಕಿನೇ ಅದೀನ್ರಿ."

"ಯಾರ ಪೈಕಿ?"

"ಬುದ್ಧವಿಹಾರದ ಹಿಂದಿನ ಓಣಿಯಕಿ." ತಡೆಯದೆ ಹೇಳಿದಳು. ಈ ಪ್ರಶ್ನೆ ಅವಳಿಗೆ ಹೊಸದಲ್ಲ ಅನಿಸಿತು. ನಾನು ಮುಂದೆ ಕೇಳಲಿಲ್ಲ.

ನನ್ನ ಹೊಲ ಗಾಯರಾಣಕ್ಕೆ ಹತ್ತಿಕೊಂಡೇ ಇದೆ. ಕಾಡಹಂದಿ ಒಳಗೆ ಬಾರದಂತೆ ಇಷ್ಟು ವರ್ಷ ಕಾದದ್ದು ಆ ಘಾಣೇರಿಯ ಕಂಟಿಯೇ. ಅದನ್ನು ಯಾರಾದರೂ ಕೇಳಿದರೇ? ಬಾಳಮ್ಮ ಎಲ್ಲರಿಗಿಂತ ಮೊದಲು ಎದ್ದು ನಿಂತು, "ನಾ ಬರ್ತೀನ್ರಿ ಮೇಡಮ್. ಹ್ವಾದ ವರ್ಷ ನನ್ನ ಆಡು ಅದನ್ನೇ ತಿಂದು ಮಾರಿ-ಮೂತಿ ಬಾತು ಸತ್ತಾವ," ಎಂದಳು. ನಮ್ಮವ್ವನ ಕಾಲದಿಂದ ನಮ್ಮ ಹೊಲದಲ್ಲಿ ಕಳೆ ತೆಗೆದವಳು. ನನ್ನ ಕಡೆ ಒಂದು ಸಲ ತಿರುಗಿ ನೋಡಲೂ ಇಲ್ಲ. ಇದು ನನ್ನ ಮನಸ್ಸಿನಲ್ಲಿ ಉಳಿಯಿತು.

ಜೂನ್ 12, ಗುರುವಾರ

ನಬೀಸಾಬನ ಹೋಟೆಲಿನಲ್ಲಿ ಗುಂಡಪ್ಪ ಸಿಕ್ಕ. ನನ್ನ ಹೊಲದ ಪಕ್ಕದ ಹೊಲದವನು. ಮಾತು ಕಡಿಮೆ, ಆದರೆ ಕಿವಿಗೆ ಬಿದ್ದದ್ದನ್ನು ಬಿಡುವವನಲ್ಲ. ಅವನಿಗೆ ನನ್ನ ಶಂಕೆ ಬಿಡಿಸಿ ಹೇಳಿದೆ. ಮೊದಲು ಕಂಟಿ ತೆಗೆಯುತ್ತಾರೆ, ಆಮೇಲೆ ಅಳತೆ, ಆಮೇಲೆ ತಂತಿಬೇಲಿ, ಆಮೇಲೆ ಒಂದು ದಿನ ಬೆಳಗಾಗುವಷ್ಟರಲ್ಲಿ ಯಾವುದೋ ಕಂಪನಿಯ ಬೋರ್ಡು.

"ನಿಮ್ಮ ಕಣ್ಣಿಗೆ ಬಿದ್ದದ್ದು ಸುಳ್ಳಾಗಂಗಿಲ್ಲ ಬಿಡ್ರಿ, ಕಂಡಕ್ಟರ್ ಸಾಹೇಬ್ರ," ಎಂದ. ಊರಲ್ಲಿ ನನ್ನ ಮಾತಿಗೆ ಇಷ್ಟಾದರೂ ಬೆಲೆಯಿದೆ.

ಮಧ್ಯಾಹ್ನದ ಬಸ್ಸಿಗೆ ಹುಮನಾಬಾದಿಗೆ ಹೋಗಿ ನೋಡಿಯೂ ಬಂದೆ. ಕೇಂದ್ರ ಇದೆ, ಬೋರ್ಡೂ ಇದೆ, ಮಯೂರಿ ಎನ್ನುವವಳು ಅಲ್ಲಿ ಕೆಲಸ ಮಾಡುವುದೂ ನಿಜ. ಹಿರಿಯ ಸಾಹೇಬರು ಕುರ್ಚಿ ಹಾಕಿ ಕೂಡಿಸಿ, ಗಾಯರಾಣದ ನಕ್ಷೆ ತೋರಿಸಿ, ಚಹಾ ತರಿಸಿದರು. ನಾನು ಯಾರೆಂದು ಗೊತ್ತಿಲ್ಲದೆ ಯಾಕೆ ಚಹಾ ಕೊಡಬೇಕು? ಸರ್ಕಾರಿ ಕಚೇರಿಯಲ್ಲಿ ನೀರು ಕೇಳಿದರೆ ನಲ್ಲಿಯ ಕಡೆ ಬೆರಳು ಮಾಡುತ್ತಾರೆ. ಚಹಾ ಚೆನ್ನಾಗಿಯೇ ಇತ್ತು. ಅದೇ ನನ್ನ ಶಂಕೆಯನ್ನು ಹೆಚ್ಚಿಸಿತು.

ಜೂನ್ 17, ಮಂಗಳವಾರ

ಮಳೆ ಬಿದ್ದು ನೆಲ ಮೆತ್ತಗಾಗಿದೆ. ಗಾಯರಾಣದಲ್ಲಿ ಕೆಲಸ ಶುರುವಾಯಿತು. ಬಾಳಮ್ಮ ಮತ್ತು ಅವಳ ಓಣಿಯ ಹೆಂಗಸರು. ನಾನು ನನ್ನ ಬದುವಿನ ಮೇಲೆ ಕೊಡೆ ಹಿಡಿದು ನಿಂತು ಎಲ್ಲವನ್ನೂ ನೋಡಿದೆ.

ಅವರು ಕಂಟಿಯನ್ನು ಬುಡಕ್ಕೆ ಕಡಿದು ಬಿಡುವುದಿಲ್ಲ. ಮಣ್ಣು ಬಿಡಿಸಿ, ಬೇರಿನ ಕುತ್ತಿಗೆಯ ಕೆಳಗೆ ಕೊಡಲಿ ಹಾಕಿ, ಇಡೀ ಗಿಡವನ್ನು ಎತ್ತಿ ಮಗುಚುತ್ತಾರೆ. ಮಗುಚಿ, ಬೇರನ್ನು ಆಕಾಶಕ್ಕೆ ಮಾಡಿ ಅಲ್ಲೇ ನಿಲ್ಲಿಸುತ್ತಾರೆ. ಉಳಿಸಬೇಕಾದ ಮುತ್ತಲದ ಸಸಿಗಳಿಗೆ ಮಯೂರಿ ಕೆಂಪು ಬಟ್ಟೆಯ ಚೂರು ಕಟ್ಟುತ್ತಾಳೆ. ಸಂಜೆಯ ಹೊತ್ತಿಗೆ ಅಲ್ಲಿ ಸಾಲುಸಾಲಾಗಿ ತಲೆಕೆಳಗಾದ ಗಿಡಗಳು, ನಡುನಡುವೆ ಕೆಂಪು ಬಟ್ಟೆ. ನನಗೆ ನೋಡಲು ಹಿತವಾಗಲಿಲ್ಲ.

"ಇದೇನು ಪದ್ಧತಿ ಬಾಳಮ್ಮ?" ಎಂದು ಕೇಳಿದೆ.

"ಮೇಡಮ್ ಹೇಳ್ಯಾರ್ರಿ ಸಾವ್ಕಾರ್ರ. ಬೇರು ಮಣ್ಣಿಗಿ ಹತ್ತಿದ್ರ ಮತ್ತ ಚಿಗಿತದಂತ. ಮ್ಯಾಲ ಮಾಡಿ ಇಟ್ರ ಒಣಗಿ ಸಾಯ್ತದಂತ."

ಮೇಡಮ್ ಹೇಳಿದರೆ ಆಯಿತೇ? ಯಾರೂ ನೋಡದಿರುವಾಗ ಎರಡು ಗಿಡ ಎಳೆದುಕೊಂಡು ನನ್ನ ಹೊಲದ ಮೂಲೆಗೆ ತಂದೆ. ಒಂದನ್ನು ಅವಳು ಹೇಳಿದಂತೆ ತಲೆಕೆಳಗಾಗಿ ಇಟ್ಟೆ. ಇನ್ನೊಂದನ್ನು ನೆಟ್ಟಗೆ, ಬೇರಿಗೆ ಮಣ್ಣು ತಾಗಿಸಿ ಇಟ್ಟೆ. ಚೆಕಿಂಗ್ ಆಗದೆ ನಾನು ಯಾರ ಲೆಕ್ಕವನ್ನೂ ಒಪ್ಪಿದವನಲ್ಲ.

ಜೂನ್ 25, ಬುಧವಾರ, ಮಣ್ಣೆತ್ತಿನ ಅಮಾವಾಸ್ಯೆ

ಹೆಂಡತಿ ಜಗದೇವಿ ಮಣ್ಣಿನ ಎತ್ತುಗಳಿಗೆ ಪೂಜೆ ಮಾಡಿ ಹೋಳಿಗೆ ಬಡಿಸಿದಳು. ಮೂರು ತಿಂದೆ. ಅವಳು ಬೇಡವೆಂದಳು, ನಾನು ಕೇಳಲಿಲ್ಲ.

ಸಂಜೆ ನಬೀಸಾಬನ ಹೋಟೆಲಿನಲ್ಲಿ ಎಲ್ಲರೂ ಸೇರಿದ್ದಾಗ ಗಾಯರಾಣದ ಮಾತು ಬಂತು. ನಾನೆಂದೆ: "ಅಮಾಶಿ ದಿನ ಬೇರು ಮುಗಿಲಿಗಿ, ತಲಿ ನೆಲಕ್ಕ, ಮ್ಯಾಲ ಕೆಂಪು ಬಟ್ಟಿ. ಇದು ಕೃಷಿನೋ ಮಾಟ-ಭಾನಾಮತಿನೋ, ಯಾರರ ಮೇಡಮ್‌ಗ ಕೇಳ್ರೆಪಾ!"

ನಬೀಸಾಬ್ ಚಹಾದ ಜಾಲರಿ ಕೈಯಲ್ಲಿ ಹಿಡಿದೇ ನಕ್ಕ. ಎಲ್ಲರೂ ನಕ್ಕರು. ಬಸ್ಸಿನಲ್ಲಿ ಹೀಗೆಯೇ ಒಂದು ಮಾತು ಎಸೆದರೆ ಹಿಂದಿನ ಸೀಟಿನವರೆಗೂ ನಗು ಹೋಗುತ್ತಿತ್ತು. ಬಹಳ ದಿನದ ಮೇಲೆ ಆ ಖುಷಿ ಸಿಕ್ಕಿತು. ಗುಂಡಪ್ಪ ಒಬ್ಬ ನಗಲಿಲ್ಲ. ಅವನಿಗೆ ಮೊದಲಿನಿಂದಲೂ ತಮಾಷೆ-ಚ್ಯಾಷ್ಟಿ ತಿಳಿಯುವುದಿಲ್ಲ.

ಜುಲೈ 1, ಮಂಗಳವಾರ

ನಾನು ಅಂದುಕೊಂಡದ್ದೇ ಆಯಿತು. ಬದುವಿನ ಕಂಟಿ ತೆಗೆದಲ್ಲಿಂದ ಹಂದಿಗಳು ನುಗ್ಗಿ, ಈಗಷ್ಟೇ ಎದ್ದಿದ್ದ ಸೋಯಾ ಅಗೆದು ಹಾಕಿವೆ. ಗಾಯರಾಣದ ಕಡೆಯ ಸಾಲುಗಳು ಪೂರಾ ಹೋದವು. ಸಿಟ್ಟಿನಲ್ಲಿ ಊಟ ಸೇರಲಿಲ್ಲ. ಕೇಂದ್ರಕ್ಕೆ ಫೋನು ಹಚ್ಚಿ ಬಾಯಿಗೆ ಬಂದದ್ದು ಬೈದೆ. ಆ ಕಡೆ ಯಾರು ಎತ್ತಿದ್ದರೋ ಗೊತ್ತಿಲ್ಲ, "ಹೌದ್ರಿ, ಹೌದ್ರಿ" ಎನ್ನುತ್ತ ಪೂರ್ತಿ ಕೇಳಿದರು. ಪೂರ್ತಿ ಕೇಳುವವರನ್ನು ನಂಬಬಾರದು.

ಜುಲೈ 4, ಶುಕ್ರವಾರ

ಫೋನು ಎತ್ತಿದ್ದು ಮಯೂರಿಯೇ. ಇವತ್ತು ಬಂದು, ನಾನು ಕರೆಯುವ ಮೊದಲೇ ಹೊಲಕ್ಕೆ ಹೋಗಿ ಹಂದಿಯ ಹೆಜ್ಜೆ ನೋಡಿ ಮನೆಗೆ ಬಂದಳು. ಕಟ್ಟೆಯ ಮೇಲೆ ಕೂತಳು. ಜಗದೇವಿ ನೀರು ಕೊಟ್ಟಳು. ನಾನು ಒಳಗೆ ಕರೆಯಲಿಲ್ಲ, ಅವಳೂ ಒಳಗೆ ನೋಡಲಿಲ್ಲ.

"ತಪ್ಪು ನಮ್ಮದೇ ಅದ ಕಾಕಾ," ಎಂದಳು. "ನಿಮ್ಮ ಬದುವಿನ ಕಂಟಿ ಎಲ್ಲಕ್ಕಿಂತ ಕಡೀಗಿ ತೆಗಿಬೇಕಿತ್ತು. ಒಣಗಿದ ಗಿಡ ತಂದು ಬೇಲಿ ಹಾಕಿ ಕೊಡ್ತೀವಿ."

ನಾನು ಜಗಳಕ್ಕೆ ಸಜ್ಜಾಗಿ ಕೂತಿದ್ದೆ. ಮೂವತ್ತು ವರ್ಷದಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನೊಬ್ಬನೂ ತಪ್ಪು ನನ್ನದು ಎಂದಿಲ್ಲ. ಇವಳ ಉದ್ದೇಶವೇನು? ಮಧ್ಯಾಹ್ನವೇ ಬಾಳಮ್ಮ ಮತ್ತಿಬ್ಬರು ತಲೆಕೆಳಗಾದ ಒಣಗಿಡಗಳನ್ನು ಹೊತ್ತು ತಂದು, ನನ್ನ ಹೊಲದ ಸುತ್ತ ಬೇರು ಮೇಲೆ ಮಾಡಿಯೇ ಬಿಗಿಯಾಗಿ ಒಟ್ಟಿದರು. ಬೇಲಿ ಗಟ್ಟಿಯಾಗಿದೆ. ಜಗದೇವಿ ಅವರಿಗೆ ಮಂಡಕ್ಕಿಯ ಸುಸಲಾ ಮಾಡಿ ಕೊಟ್ಟಳು, ಮಯೂರಿಗೂ ಕೊಟ್ಟಳು. ನನಗೆ ಉಳಿದದ್ದು ತಳದ್ದು.

ಜುಲೈ 9, ಬುಧವಾರ

ನನ್ನ ಹೊಲಕ್ಕೆ ದಾರಿ ಸಿಗದ ಹಂದಿಗಳು ಗುಂಡಪ್ಪನ ಹೊಲ ಹೊಕ್ಕಿವೆ. ಅದರ ಮೇಲೆ ನಿನ್ನೆಯಿಂದ ಅವನ ಎಮ್ಮೆಯ ಹಾಲಿನಲ್ಲಿ ರಕ್ತ ಬರುತ್ತಿದೆ. ಗುಂಡಪ್ಪ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದ್ದಾನೆ. ನಮ್ಮಿಬ್ಬರ ನಡುವಿನ ಬದುವಿಗೆ ಹೋಗಿ ನಿಂತು ಬೇಲಿಯನ್ನೇ ನೋಡುತ್ತಿದ್ದ. ಒಣಬೇರುಗಳೆಲ್ಲ ಅವನ ಹೊಲದ ಕಡೆ ಚಾಚಿಕೊಂಡಿದ್ದವು.

"ಈ ಬೇಲಿ ಯಾರು ಹಾಕ್ಯಾರ್ರಿ?"

"ಬಾಳಮ್ಮ," ಎಂದೆ. ಕೇಳಿದ್ದಕ್ಕೆ ಇದ್ದದ್ದು ಹೇಳಿದೆ.

ಅವನು ತಲೆ ಆಡಿಸಿ ಹೋದ. ಅವನ ತಲೆ ಆಡಿಸುವಿಕೆ ನನಗೆ ಸರಿಬರಲಿಲ್ಲ.

ಜುಲೈ 11, ಶುಕ್ರವಾರ

ಬೋರಿನ ಹತ್ತಿರ ಬಾಳಮ್ಮ ಕೊಡ ಇಟ್ಟರೆ ಬೇರೆ ಹೆಂಗಸರು ತಮ್ಮ ಕೊಡ ಎತ್ತಿಕೊಂಡು ಸರಿಯುತ್ತಿದ್ದಾರಂತೆ. ಅವಳ ಜೊತೆ ಕೆಲಸಕ್ಕೆ ಬರುತ್ತಿದ್ದವರೂ ಬಿಟ್ಟಿದ್ದಾರೆ. ಜಗದೇವಿ ಇದನ್ನು ಹೇಳಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಭಾನಾಮತಿ ಅಂಬೋ ಮಾತು ಮೊದಲ ಎತ್ತಿದವರು ನೀವೇ ಅಂತಲ್ಲ?"

"ನಾ ಚ್ಯಾಷ್ಟಿ ಮಾಡೀನಿ."

"ನೀವು ಚ್ಯಾಷ್ಟಿ ಮಾಡಿದ್ರಿ. ಮಂದಿ ಮಾಡಾಕತ್ತಿಲ್ಲ."

ನಾನು ತಾಟು ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋದೆ.

ಜುಲೈ 14, ಸೋಮವಾರ

ಗುಂಡಪ್ಪ ರಾಜ್ಯದ ಗಡಿಯಾಚೆಯಿಂದ ಒಬ್ಬ ಮಾಂತ್ರಿಕನನ್ನು ಗೊತ್ತು ಮಾಡಿದ್ದಾನೆ. ನಾಗರ ಅಮಾವಾಸ್ಯೆಯ ದಿನ ಗಾಯರಾಣಕ್ಕೆ ಬಂದು, ಮಾಡಿದವರು ಯಾರೆಂದು ಎಲ್ಲರ ಎದುರು ಹಿಡಿದು ತೋರಿಸುತ್ತಾನಂತೆ. ತೋರಿಸಿದ ಮೇಲೆ ಏನು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ. ಹೇಳುವುದು ಬೇಕಿಲ್ಲ. ನಾನು ಸಣ್ಣವನಿದ್ದಾಗ, ಭಾನಾಮತಿ ಮಾಡಿದಳೆಂದು ಒಬ್ಬ ಹೆಂಗಸನ್ನು ಕಂಬಕ್ಕೆ ಕಟ್ಟಿ, ಮತ್ತೆ ಮಂತ್ರ ಅನ್ನಲು ಬಾರದಂತೆ ಹಲ್ಲು ಕಿತ್ತ ಸುದ್ದಿಯನ್ನು ಅವ್ವ ಪಿಸುಮಾತಿನಲ್ಲಿ ಹೇಳುತ್ತಿದ್ದಳು. ಈಗ ಕಾಲ ಬದಲಾಗಿದೆ ಎಂದುಕೊಂಡಿದ್ದೆ. ಹೋಟೆಲಿನಲ್ಲಿ ಇವತ್ತು ಒಬ್ಬ, ಮೊಬೈಲು ನೋಡುತ್ತಲೇ, "ಹಲ್ಲಿನಾಗೇ ಇರ್ತದ ಎಲ್ಲಾ," ಎಂದ. ಯಾರೂ ಅವನನ್ನು ತಡೆಯಲಿಲ್ಲ. ನಾನೂ ತಡೆಯಲಿಲ್ಲ.

ಬಾಳಮ್ಮ ಇನ್ನೂ ಗಾಯರಾಣಕ್ಕೆ ಹೋಗುತ್ತಿದ್ದಾಳೆ. ಒಬ್ಬಳೇ ಕೊಡಲಿ ಹಿಡಿದು ಕೆಲಸ ಮಾಡುತ್ತಾಳೆ. ಇಷ್ಟು ಹಟ ಯಾಕೆ?

ಜುಲೈ 16, ಬುಧವಾರ

ಹೊಲದ ಮೂಲೆಯ ನನ್ನ ಎರಡು ಗಿಡಗಳನ್ನು ನೋಡಿ ಬಂದೆ. ಮರೆತೇಬಿಟ್ಟಿದ್ದೆ. ನೆಟ್ಟಗಿಟ್ಟ ಗಿಡ ಬುಡದಿಂದ ಮೇಲಿನವರೆಗೂ ಚಿಗುರಿ, ಎರಡು ಹೂವನ್ನೂ ಬಿಟ್ಟಿದೆ. ತಲೆಕೆಳಗಾದದ್ದು ಪೂರಾ ಒಣಗಿ, ಮುಟ್ಟಿದರೆ ಮುರಿಯುತ್ತದೆ. ಹುಡುಗಿ ಹೇಳಿದ್ದು ಅಕ್ಷರಶಃ ಖರೆ. ಅವಳು ಸುಳ್ಳು ಹೇಳಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಕೂಡಲೇ ಗುಂಡಪ್ಪನನ್ನು ಕರೆದುಕೊಂಡು ಹೋಗಿ ತೋರಿಸಿದೆ. "ನೋಡು, ಇದರಾಗ ಭಾನಾಮತಿ ಏನೂ ಇಲ್ಲ. ಮಗುಚಿದ್ರ ಒಣಗ್ತದ, ಅಷ್ಟೇ."

ಅವನು ಒಣಗಿಡವನ್ನು ದೂರದಿಂದಲೇ ನೋಡಿದ. "ಹಸಿ ಗಿಡ ಮಳಿಗಾಲದಾಗ ಒಣಗ್ಯದ. ಇನ್ನ ಭಾನಾಮತಿ ಅಂದ್ರ ಮತ್ತೇನ್ರಿ?"

ಜುಲೈ 18, ಶುಕ್ರವಾರ

ಇವತ್ತು ಹೋಟೆಲಿನಲ್ಲಿ ಎಲ್ಲರ ಮುಂದೆ ಹೇಳಿದೆ. ಅವತ್ತು ನಾನು ನಗೆಚಾಟಿಕೆಗೆ ಆಡಿದ ಮಾತು, ಬಾಳಮ್ಮ ಅಂಥವಳಲ್ಲ, ಎಮ್ಮೆಗೆ ಡಾಕ್ಟರನ್ನು ಕರೆಸಿ ಎಂದೆ. ಗುಂಡಪ್ಪ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

"ನೀವು ದೊಡ್ಡ ಮನಸ್ಸಿನವರು, ಆಕಿಗಿ ಉಳಸಾಕತ್ತೀರಿ. ಆದ್ರ ಮೊದಲ ಗುರ್ತು ಹಿಡದವರು ನೀವೇ. ಯಾರ ಮ್ಯಾಲೂ ಭರೋಸಾ ಇಡದ ಮನಷ್ಯಾ ನೀವು. ನಿಮ್ಮ ಕಣ್ಣಿಗಿ ಬಿದ್ದದಂದ್ರ ಅದು ಖರೇನೇ ಇರ್ತದ."

ಸುತ್ತ ಕೂತವರೆಲ್ಲ ಹೌದು ಹೌದು ಎಂದರು. ಅಮಾವಾಸ್ಯೆಯ ದಿನ ಮಾಂತ್ರಿಕನ ಮುಂದೆ ಮೊದಲ ಸಾಕ್ಷಿ ನಾನೇ ಆಗಬೇಕಂತೆ. ನಾನು ಸುಳ್ಳು ಹೇಳುವವನಲ್ಲ ಎಂದು ಅವರಿಗೆಲ್ಲ ಪೂರ್ತಿ ನಂಬಿಕೆಯಿದೆ. ನಾನು ಈಗ ಹೇಳುತ್ತಿರುವುದೊಂದನ್ನು ಬಿಟ್ಟು.

ಜುಲೈ 20, ಭಾನುವಾರ

ಹುಮನಾಬಾದಿಗೆ ಹೋದೆ. ಕೇಂದ್ರಕ್ಕೆ ರಜೆ. ಬುದ್ಧವಿಹಾರದ ಹಿಂದಿನ ಓಣಿಯಲ್ಲಿ ಕೇಳಿಕೊಂಡು ಮಯೂರಿಯ ಮನೆಗೇ ಹೋದೆ. ಅವಳ ತಾಯಿ ನಡುಮನೆಯಲ್ಲಿ ಚಾಪೆ ಹಾಸಿ ಕೂಡಿಸಿ, ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದರು. ಚಹಾಕ್ಕೆ ಸಕ್ಕರೆ ಜಾಸ್ತಿಯಾಗಿತ್ತು.

ಎಲ್ಲವನ್ನೂ ಹೇಳಿದೆ, ಭಾನಾಮತಿ ಎಂದ ಮೊದಲ ಮಾತು ನನ್ನದೆಂಬುದನ್ನೂ ಹೇಳಿದೆ. ಮಯೂರಿ ನಗಲಿಲ್ಲ.

"ಈ ಪದ್ಧತಿ ಕಲಿಸಿದಕಿ ನಾನು ಕಾಕಾ. ಬೇರು ಮ್ಯಾಲ ಮಾಡ್ರಿ ಅಂತ ಹೇಳೀನಿ. ಯಾಕ ಅನ್ನೋದು ಬಾಳಮ್ಮಗ ಹೇಳೀನಿ, ಊರಿಗೆ ಹೇಳಲಿಲ್ಲ."

ಪೊಲೀಸರಿಗೆ ತಿಳಿಸೋಣವೇ ಎಂದೆ. ಅವಳು ಮೊನ್ನೆಯೇ ಬಾಳಮ್ಮನನ್ನು ಕೇಳಿದ್ದಳಂತೆ. "ಪೊಲೀಸರು ಒಂದಿನ ಬಂದು ಹೋಗ್ತಾರ್ರಿ ಮೇಡಮ್, ನಾ ಇಲ್ಲೇ ಇರಬೇಕಲ್ಲ" ಎಂದಳಂತೆ ಬಾಳಮ್ಮ. ಹುಮನಾಬಾದಿಗೆ ಬಂದು ನಮ್ಮ ಮನೆಯಲ್ಲಿರು ಎಂದರೆ, ಆಡುಗಳನ್ನು ಎಲ್ಲಿ ಕಟ್ಟಲಿ ಎಂದಳಂತೆ. ಆದರೂ ಅಮಾವಾಸ್ಯೆಯ ದಿನ ನಾನು ಬಂದು ನಿಲ್ಲುತ್ತೇನೆ, ಯಾರಾದರೂ ಅವಳ ಮೇಲೆ ಕೈ ಎತ್ತಿದರೆ ಪೊಲೀಸರಿಗೆ ಫೋನು ಮಾಡುತ್ತೇನೆ ಎಂದಳು ಮಯೂರಿ. ಈ ಸಲ ನನಗೆ ಅವಳ ಮೇಲೆ ಯಾವ ಶಂಕೆಯೂ ಬರಲಿಲ್ಲ. ಭಯವಾಯಿತು.

ಜುಲೈ 23, ಬುಧವಾರ

ನಾಳೆ ಬಸವಕಲ್ಯಾಣಕ್ಕೆ ಹೋಗಿಬಿಡಲೇ ಎಂದು ಯೋಚಿಸಿದೆ. ಪೆನ್ಶನ್ ಕೆಲಸವಿದೆ ಎಂದರೆ ಯಾರೂ ಕೇಳುವುದಿಲ್ಲ. ಸಾಕ್ಷಿಯೇ ಇಲ್ಲದಿದ್ದರೆ ಎಲ್ಲ ತಣ್ಣಗಾದೀತು. ಜಗದೇವಿಗೆ ಹೇಳಿದೆ. ಅವಳು ನನ್ನ ಕೈಚೀಲ ತಂದು ಮುಂದೆ ಇಟ್ಟಳು. ಆ ಚೀಲ ಹಾಗೇ ಬಿದ್ದಿದೆ.

ಜುಲೈ 24, ಗುರುವಾರ, ನಾಗರ ಅಮಾವಾಸ್ಯೆ

ಎಲ್ಲವನ್ನೂ ಇವತ್ತೇ ಬರೆದಿಡುತ್ತೇನೆ.

ಮಾಂತ್ರಿಕ ಕಾರಿನಲ್ಲಿ ಬಂದ. ಹಣೆ ತುಂಬ ಅರಿಶಿನದ ಭಂಡಾರ, ಕೈಯಲ್ಲಿ ಎರಡು ಮೊಬೈಲು. ಗಾಯರಾಣದಲ್ಲಿ ಊರೇ ನೆರೆದಿತ್ತು. ಬಾಳಮ್ಮನನ್ನು ತಂದು ನಡುವೆ ಕೂಡಿಸಿದ್ದರು. ಅವಳು ಮೊಣಕಾಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ನೆಲ ನೋಡುತ್ತಿದ್ದಳು. ನಾನು ಅವಳನ್ನು ಅಷ್ಟು ಕುಗ್ಗಿದವಳಾಗಿ ಎಂದೂ ನೋಡಿರಲಿಲ್ಲ. ಮಯೂರಿ ಅವಳ ಹಿಂದೆಯೇ, ಫೋನು ಹಿಡಿದು ನಿಂತಿದ್ದಳು. ಅವಳನ್ನು ಸರಿಸಲು ಇಬ್ಬರು ಹೋದರು, ಅವಳು ಸರಿಯಲಿಲ್ಲ.

ಮಾಂತ್ರಿಕ ನಿಂಬೆಹಣ್ಣು ಕೊಯ್ದು, ಏನೋ ಗೊಣಗಿ, "ಮೊದಲು ಕಂಡವರು ಯಾರು?" ಎಂದ. ಎಲ್ಲರ ಬೆರಳು ನನ್ನ ಕಡೆ ತಿರುಗಿತು.

"ಹೇಳ್ರಿ ಕಂಡಕ್ಟರ್ ಸಾಹೇಬ್ರ," ಎಂದ ಗುಂಡಪ್ಪ. "ಮಾಡಿದವರು ಯಾರು?"

"ನಾನು," ಎಂದೆ.

ಮೊದಲು ಯಾರಿಗೂ ತಿಳಿಯಲಿಲ್ಲ. ಮತ್ತೆ ಹೇಳಿದೆ. "ನಾನೇ ಮಾಡೀನಿ. ಅನುಮಾನ ಇದ್ರ ನನ್ನ ಹೊಲದ ಮೂಲ್ಯಾಗ ಹೋಗಿ ನೋಡ್ರಿ. ಬೇರು ಮ್ಯಾಲ ಮಾಡಿ ನನ್ನ ಕೈಲೇ ಇಟ್ಟೀನಿ, ಗುಂಡಪ್ಪನೂ ನೋಡ್ಯಾನ. ಬೇಲಿನೂ ನನ್ನ ಹೊಲದ್ದೇ. ಭಾನಾಮತಿ ಅಂಬೋ ಮಾತು ಊರಾಗ ತಂದವನೂ ನಾನೇ. ಬಾಳಮ್ಮ ಏನು ಮಾಡ್ಯಾಳ? ಕೂಲಿಗಿ ಬಂದು ಹೇಳಿದ ಕೆಲಸ ಮಾಡ್ಯಾಳ."

"ಚ್ಯಾಷ್ಟಿ ಮಾಡಬ್ಯಾಡ್ರಿ ಸಾಹೇಬ್ರ!" ಗುಂಡಪ್ಪನ ಮುಖ ಕಪ್ಪಾಯಿತು.

"ಅವತ್ತು ಮಾಡಿದ್ದು ಚ್ಯಾಷ್ಟಿ. ನೀ ಖರೆ ಅಂದಿ. ಇವತ್ತು ಖರೆ ಹೇಳಾಕತ್ತೀನಿ, ಚ್ಯಾಷ್ಟಿ ಅಂತೀ!" ಮಾಂತ್ರಿಕನ ಕಡೆ ತಿರುಗಿದೆ. "ಭಾನಾಮತಿ ಮಾಡಿದವರ ಹಲ್ಲು ಕೀಳ್ತಾರಲ್ಲ ಮಹಾರಾಜ್? ಕೀಳ್ರಿ. ನಿಮಗ್ಯಾಕ ತ್ರಾಸು, ನಾನೇ ಕೊಡ್ತೀನಿ."

ಬಾಯಿಗೆ ಕೈ ಹಾಕಿ, ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಮೇಲಿನದೂ ಕೆಳಗಿನದೂ ತೆಗೆದು ಅವನ ಮುಂದೆ ಹಿಡಿದೆ.

ಮಾಂತ್ರಿಕ ಒಂದು ಹೆಜ್ಜೆ ಹಿಂದೆ ಸರಿದ. ನಬೀಸಾಬನ ಬಾಯಿಂದ ಮೊದಲು ಹೊರಟಿತು ನಗು, ತಡೆದುಕೊಳ್ಳಲು ಹೋಗಿ ಕೆಮ್ಮಾಯಿತು. ಆಮೇಲೆ ಹೆಂಗಸರು, ಆಮೇಲೆ ಎಲ್ಲರೂ. ನಾನು ಬೊಚ್ಚುಬಾಯಲ್ಲಿ "ತಗೋಳ್ರಿ, ತಗೋಳ್ರಿ" ಎಂದು ಹಿಂದೆ ಹೋದಷ್ಟೂ ಅವನು ಕಾರಿನ ಕಡೆ ನಡೆದ. ಮುಹೂರ್ತ ತಪ್ಪಿತು, ಈ ಊರಿನಲ್ಲಿ ಭಕ್ತಿಯಿಲ್ಲ ಎಂದು ಏನೇನೋ ಹೇಳುತ್ತ ಬಾಗಿಲು ಹಾಕಿಕೊಂಡ. ಗುಂಡಪ್ಪನ ಹೆಂಡತಿಯೇ ಗಂಡನ ತೋಳು ಹಿಡಿದು, "ನಡೀರಿ ಮನಿಗಿ, ನಾಳಿ ಎಮ್ಮಿಗಿ ಡಾಕ್ಟರ್ ಕರಸ್ರಿ," ಎಂದಳು.

ಮಯೂರಿ ಕೆಳಗೆ ಕೂತು ಅಳುತ್ತಿದ್ದಳು. ಜಗದೇವಿ ಅವಳನ್ನು ಎಬ್ಬಿಸಿ ಮನೆಗೆ ಕರೆತಂದಳು. ಮೂವರೂ ಒಳಗೆ ಕೂತು ಊಟ ಮಾಡಿದೆವು. ಬಾಳಮ್ಮನನ್ನೂ ಕರೆದೆವು. ಆಡು ಕಟ್ಟಬೇಕು ಎಂದು ಹೋಗಿಬಿಟ್ಟಳು.

ಜುಲೈ 29, ಮಂಗಳವಾರ, ನಾಗರ ಪಂಚಮಿ

ಊರ ತುಂಬ ಜೋಕಾಲಿ. ನನ್ನ ಹಲ್ಲಿನ ಕಥೆ ಬಸವಕಲ್ಯಾಣದ ಡಿಪೋವರೆಗೂ ಹೋಗಿದೆಯಂತೆ. ನಬೀಸಾಬ್ ಬಂದವರಿಗೆಲ್ಲ ಅಭಿನಯ ಮಾಡಿ ತೋರಿಸುತ್ತಾನೆ. ನನ್ನ ಕಂಡರೆ ಜನ ಎದ್ದು ಜಾಗ ಕೊಡುತ್ತಾರೆ. ಗುಂಡಪ್ಪನ ಎಮ್ಮೆಗೆ ಕೆಚ್ಚಲು ಬಾವಾಗಿತ್ತು, ಡಾಕ್ಟರು ಸೂಜಿ ಹಾಕಿ ಹೋಗಿದ್ದಾರೆ. ಅವನಿನ್ನೂ ನನ್ನೊಡನೆ ಮಾತಾಡುತ್ತಿಲ್ಲ. ಬಾಗಿಲಿನ ನಿಂಬೆಹಣ್ಣನ್ನೂ ತೆಗೆದಿಲ್ಲ.

ಬಾಳಮ್ಮ ಅವತ್ತಿನಿಂದ ನಮ್ಮ ಹೊಲದ ಕಡೆ ಬಂದಿಲ್ಲ. ಸಂಜೆ ಗಾಯರಾಣಕ್ಕೆ ಹೋದೆ. ಘಾಣೇರಿ ಹೋದಲ್ಲೆಲ್ಲ ಹುಲ್ಲು ಬೆರಳುದ್ದ ಎದ್ದಿದೆ. ಅವಳು ಆಡುಗಳನ್ನು ಮೇಯಿಸುತ್ತಿದ್ದಳು. ಅವಳು ಕೈ ಮುಗಿಯುತ್ತಾಳೆ, ನಾನು ಬೇಡ ಬೇಡ ಅನ್ನಬೇಕು ಎಂದೆಲ್ಲ ದಾರಿಯಲ್ಲಿ ಅಂದುಕೊಂಡು ಹೋಗಿದ್ದೆ.

"ಯಾಕ ಬಾಳಮ್ಮ, ಕೆಲಸಕ್ಕ ಬರವಲ್ಲಿ? ಸೋಯಾದಾಗ ಕಳಿ ಎದ್ದದ."

"ಬ್ಯಾರೆ ಯಾರಿಗರ ಕರೀರಿ ಸಾವ್ಕಾರ್ರ."

"ಸಿಟ್ಟೇನು? ಆ ಮಾಂತ್ರಿಕಗ ಹ್ಯಾಂಗ ಓಡಿಸಿದೆ, ನೀನೂ ನೋಡಿದ್ಯಲ್ಲ!"

ಅವಳು ಒಂದು ಆಡನ್ನು ಬಟ್ಟೆ ಕಟ್ಟಿದ ಸಸಿಯಿಂದ ಈಚೆಗೆ ಎಳೆದಳು. ನನ್ನ ಕಡೆ ನೋಡದೆಯೇ ಹೇಳಿದಳು.

"ನೋಡಿದೆ. ನಿಮ್ಮ ಹಲ್ಲು ಕೈಯಾಗ ಬಂದ್ವು, ಮಂದಿ ನಕ್ಕರು. ನನ್ನವು ಕೈಯಾಗ ಬಂದಿದ್ರ ಒಬ್ಬರೂ ನಗತಿರಲಿಲ್ರಿ."

ಮನೆಗೆ ಬಂದು ಇದನ್ನು ಬರೆಯಲು ಕೂತೆ. ಜಗದೇವಿ ಊಟಕ್ಕೆ ಎರಡು ಸಲ ಕರೆದಳು.